ಹಾರ್ಡ್ ಡಿಸ್ಕ್ ಕೈಕೊಟ್ಟಿದೆಯಾ? ರಿಕವರಿಗೆ ಕೊಡುವ ಮೊದಲು, ಕೊಟ್ಟ ಮೇಲೆ

"ಸಾರ್, ಹಾರ್ಡ್ ಡಿಸ್ಕ್ ಟಕ್ ಟಕ್ ಅಂತಿದೆ, ಓಪನ್ ಆಗ್ತಿಲ್ಲ. ಮಗಳ ಮದುವೆ ಫೋಟೊ ಎಲ್ಲಾ ಅದರಲ್ಲೇ ಇದೆ. ಯಾವ ಸಾಫ್ಟ್‌ವೇರ್ ಹಾಕ್ಲಿ?"

ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಮದುವೆ ಫೋಟೊ ಬದಲು ಒಮ್ಮೊಮ್ಮೆ ಅಂಗಡಿಯ ಟ್ಯಾಲಿ ಲೆಕ್ಕ ಇರುತ್ತದೆ, ಒಮ್ಮೊಮ್ಮೆ ಪಿಎಚ್‌ಡಿ ಬರಹ ಇರುತ್ತದೆ. ನನ್ನ ಉತ್ತರ ಮಾತ್ರ ಒಂದೇ. ಯಾವ ಸಾಫ್ಟ್‌ವೇರೂ ಬೇಡ, ಮೊದಲು ಕರೆಂಟ್ ತೆಗೆಯಿರಿ. ಒಬ್ಬೊಬ್ಬರಿಗೂ ಅದನ್ನೇ ಬರೆಯುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಅಂತ ಕೂತಿದ್ದೇನೆ.

ರಿಕವರಿ, ಅಂದರೆ ಕೆಟ್ಟ ಡಿಸ್ಕ್‌ನಿಂದ ಡೇಟಾ ಹೊರತೆಗೆಯುವ ಕೆಲಸದಲ್ಲಿ ನಾನು ಕಂಡಿದ್ದು ಇಷ್ಟು. ಡಿಸ್ಕ್ ಕೆಟ್ಟ ದಿನ ಡೇಟಾ ಬಹುಪಾಲು ಹಾಗೇ ಇರುತ್ತದೆ. ಅದು ಹೋಗುವುದು ಆಮೇಲಿನ ಎರಡು ದಿನದಲ್ಲಿ, ನಾವು "ಇನ್ನೊಂದ್ಸಲ ನೋಡೋಣ" ಅಂತ ಹಾಕಿ ತೆಗೆದು ಮಾಡುವಾಗ. ಅದಕ್ಕೇ ಈ ಬರಹದಲ್ಲಿ "ಮಾಡಬೇಡಿ" ಅನ್ನುವ ಮಾತು ಜಾಸ್ತಿ ಸಿಗುತ್ತದೆ. ಬೇಸರ ಮಾಡಿಕೊಳ್ಳಬೇಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಒಳಗೆ ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ ಬಗ್ಗೆ. ಎಸ್‌ಎಸ್‌ಡಿಯ ಲೆಕ್ಕವೇ ಬೇರೆ. ಅದರಲ್ಲಿ ಫೈಲ್ ಅಳಿಸಿದರೆ ಕಂಪ್ಯೂಟರ್ "ಈ ಜಾಗ ಖಾಲಿ" ಅಂತ ಚಿಪ್‌ಗೆ ಹೇಳಿಬಿಡುತ್ತದೆ. ಇದಕ್ಕೆ ಟ್ರಿಮ್ ಅನ್ನುತ್ತಾರೆ. ಆಮೇಲೆ ಆ ಫೈಲ್ ವಾಪಸ್ ಸಿಗುವುದು ಬಹಳ ಕಷ್ಟ.

ಒಳಗೆ ಏನಿದೆ?

ಇದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಡಿಸ್ಕ್ ಒಳಗೆ ಕನ್ನಡಿಯಂತೆ ಹೊಳೆಯುವ ದುಂಡನೆಯ ತಟ್ಟೆಗಳಿರುತ್ತವೆ. ಇವು ಪ್ಲ್ಯಾಟರ್. ನಿಮ್ಮ ಡೇಟಾ ಇರುವುದು ಇವುಗಳ ಮೇಲೆ. ಇವು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. 7200 ಸುತ್ತಿನ ದೊಡ್ಡ ಡಿಸ್ಕ್‌ನಲ್ಲಿ ತಟ್ಟೆಯ ಅಂಚು ಗಂಟೆಗೆ 120 ಕಿ.ಮೀ. ವೇಗದ ಆಸುಪಾಸು ಓಡುತ್ತಿರುತ್ತದೆ. ಆ ತಟ್ಟೆಯ ಮೇಲೆ ತೇಲುತ್ತಾ ಓದುವ, ಬರೆಯುವ ಪುಟ್ಟ ತುದಿಯೇ ಹೆಡ್. ಹೆಡ್‌ಗೂ ತಟ್ಟೆಗೂ ನಡುವಿನ ಅಂತರ ಕೆಲವೇ ನ್ಯಾನೊಮೀಟರ್. ನಿಮ್ಮ ತಲೆಗೂದಲಿನ ದಪ್ಪವೇ ಸುಮಾರು 70–80 ಸಾವಿರ ನ್ಯಾನೊಮೀಟರ್ ಇರುತ್ತದೆ ಅಂದರೆ ಲೆಕ್ಕ ಹಾಕಿ. ಈ ಅಂತರದಲ್ಲಿ ಒಂದು ಧೂಳಿನ ಕಣವೂ ಬಂಡೆಗಲ್ಲಿದ್ದ ಹಾಗೆ.

ಕೆಳಗಡೆ ಹಸಿರು ಅಥವಾ ನೀಲಿ ಬಣ್ಣದ ಬೋರ್ಡ್ ಕಾಣುತ್ತದಲ್ಲ, ಅದು ಸರ್ಕ್ಯೂಟ್ ಬೋರ್ಡ್. ಇವೆಲ್ಲವನ್ನೂ ನಡೆಸುವ ಡಿಸ್ಕ್‌ನದೇ ಸಾಫ್ಟ್‌ವೇರ್ ಫರ್ಮ್‌ವೇರ್. ಅದರ ದೊಡ್ಡ ಭಾಗ ತಟ್ಟೆಯ ಮೇಲೇ ಒಂದು ಗುಪ್ತ ಜಾಗದಲ್ಲಿರುತ್ತದೆ. ಆ ಜಾಗಕ್ಕೆ ಸರ್ವಿಸ್ ಏರಿಯಾ ಅಂತ ಹೆಸರು.

ಹಂತ 1: ಕರೆಂಟ್ ತೆಗೆಯಿರಿ, ಮತ್ತೆ ಹಾಕಬೇಡಿ

ಹೆಡ್ ಒಂದು ಸಲ ತಟ್ಟೆಗೆ ತಾಗಿದರೆ ಗೀರು ಬೀಳುತ್ತದೆ. ಗೀರಿನಿಂದ ಪುಡಿ ಏಳುತ್ತದೆ. ಆ ಪುಡಿ ಬೇರೆ ಹೆಡ್‌ಗಳ ಕೆಳಗೆ ಹೋಗಿ ಬೇರೆ ತಟ್ಟೆಯನ್ನೂ ಕೆರೆಯುತ್ತದೆ. ಡಿಸ್ಕ್ ಆನ್ ಇದ್ದಷ್ಟು ಹೊತ್ತೂ ಇದು ನಡೆಯುತ್ತಲೇ ಇರುತ್ತದೆ. ಇಂಥ ಡಿಸ್ಕ್ ಬಿಚ್ಚಿದಾಗ ತಟ್ಟೆಯ ಮೇಲೆ ಹಳೆಯ ಗ್ರಾಮಫೋನ್ ಪ್ಲೇಟಿನ ಹಾಗೆ ದುಂಡನೆಯ ಗೆರೆಗಳು ಕಾಣುತ್ತವೆ. ಮೂಲೆಯ ಬಿಳಿ ಫಿಲ್ಟರ್ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಆ ಬೂದು ಪುಡಿ ಇನ್ನೇನೂ ಅಲ್ಲ, ನಿಮ್ಮ ಫೋಟೊಗಳನ್ನು ಹೊತ್ತಿದ್ದ ಪದರವೇ. ಅದನ್ನು ಯಾವ ಲ್ಯಾಬೂ ವಾಪಸ್ ಅಂಟಿಸಲಾರದು.

ಈ ಹಂತದಲ್ಲಿ ಜನ ಮಾಡುವ ತಪ್ಪುಗಳು:

- ಬೇರೆ ಕಂಪ್ಯೂಟರಿಗೆ, ಟಿವಿಗೆ, ಪಕ್ಕದ ಮನೆಯ ಲ್ಯಾಪ್‌ಟಾಪಿಗೆ ಹಾಕಿ ನೋಡುವುದು. ಸದ್ದು ಮಾಡುವ ಡಿಸ್ಕ್‌ಗೆ ಪ್ರತಿ ಸಲವೂ ಒಂದು ಪೆಟ್ಟು.
- ವಿಂಡೋಸ್ "ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು" ಅಂತ ಕೇಳಿದಾಗ ಹೌದು ಒತ್ತುವುದು. ಕ್ಯಾನ್ಸಲ್ ಒತ್ತಿ.
- ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸುವುದು. ಅದು ಡಿಸ್ಕ್ ರಿಪೇರಿ ಮಾಡುವುದಿಲ್ಲ, ಫೈಲುಗಳ ಪಟ್ಟಿಯನ್ನು ಸರಿಮಾಡಲು ನೋಡುತ್ತದೆ. ಓದಲಾಗದ ಪಟ್ಟಿ ಅದರ ಪಾಲಿಗೆ ಕೆಟ್ಟ ಪಟ್ಟಿ. ಅದನ್ನು ಕತ್ತರಿಸಿ ಎಸೆಯಬಹುದು.
- ಫ್ರಿಜ್‌ನಲ್ಲಿ ಇಡುವುದು. ಹೊರಗೆ ತೆಗೆದ ಕೂಡಲೇ ಒಳಗೆ ತೇವ ಕೂರುತ್ತದೆ. ದಯವಿಟ್ಟು ಬೇಡ.
- ತಟ್ಟುವುದು, ಕುಲುಕುವುದು, ಸ್ಕ್ರೂ ಬಿಚ್ಚಿ "ಒಳಗೆ ಏನಾಗಿದೆ" ಅಂತ ನೋಡುವುದು.

ಕೊನೆಯದರ ಬಗ್ಗೆ ಒಂದು ಮಾತು. ಒಬ್ಬ ಫೋಟೊ ಸ್ಟುಡಿಯೋದವರು ಮುಚ್ಚಳ ಬಿಚ್ಚಿ ನೋಡಿ, ಮತ್ತೆ ಮುಚ್ಚಿ ತಂದಿದ್ದರು. ಮೇಲಿನ ತಟ್ಟೆಯ ಮೇಲೆ ಹೆಬ್ಬೆರಳಿನ ಗುರುತು ಅಚ್ಚುಕಟ್ಟಾಗಿ ಕೂತಿತ್ತು, ಗೆರೆ ಗೆರೆಯಾಗಿ. ಹೆಡ್‌ನ ಲೆಕ್ಕದಲ್ಲಿ ಆ ಎಣ್ಣೆಯ ಗೆರೆಗಳು ಬೆಟ್ಟಸಾಲು. ಡಿಸ್ಕ್‌ಗೆ ಮೊದಲು ಇದ್ದಿದ್ದು ಬೋರ್ಡಿನ ಸಣ್ಣ ತೊಂದರೆ ಅಷ್ಟೇ.

ನೀರಿಗೆ ಬಿದ್ದ ಡಿಸ್ಕ್‌ಗೆ ನಿಯಮ ಸ್ವಲ್ಪ ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬಡಾವಣೆಗಳಿಗೆ ನೀರು ನುಗ್ಗಿದಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಮಾಡುವುದು ಒಣಗಿಸುವುದು. ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ, ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ. ಕೊಳೆನೀರು ಒಳಗೇ ಒಣಗಿದರೆ ತಟ್ಟೆಯ ಮೇಲೆ ಕಲೆ ಗಟ್ಟಿಯಾಗಿ ಕೂರುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಕವರಿನಲ್ಲಿ ಹಾಕಿ, ಬೇಗ ಲ್ಯಾಬಿಗೆ ಮುಟ್ಟಿಸಿ.

ಹಂತ 2: ಏನಾಯಿತು ಅಂತ ಬರೆದಿಡಿ

ಡಾಕ್ಟರ್ ಹತ್ತಿರ ಹೋದಾಗ ಎಷ್ಟು ದಿನದಿಂದ ಜ್ವರ ಅಂತ ಕೇಳುತ್ತಾರಲ್ಲ, ಹಾಗೆ. ಕೆಳಗೆ ಬಿತ್ತಾ? ಕರೆಂಟ್ ಹೋಗಿ ಬಂತಾ? ಮೊದಲು ನಿಧಾನ ಆಗಿ ಆಮೇಲೆ ನಿಂತಿತಾ? ಯಾರಾದರೂ ಆಗಲೇ ಸಾಫ್ಟ್‌ವೇರ್ ಓಡಿಸಿದ್ದಾರಾ, ಬಿಚ್ಚಿದ್ದಾರಾ? ನಾಚಿಕೆಪಟ್ಟು ಮುಚ್ಚಿಡಬೇಡಿ. ಬಿದ್ದ ಡಿಸ್ಕನ್ನು "ಸುಮ್ನೆ ಇದ್ದಿದ್ದು ಹಾಳಾಯ್ತು" ಅಂತ ಕೊಟ್ಟರೆ ಲ್ಯಾಬಿನವರು ಮೊದಲು ಅದನ್ನು ಆನ್ ಮಾಡಿ ನೋಡಬಹುದು. ಬಿದ್ದಿದೆ ಅಂತ ಗೊತ್ತಿದ್ದರೆ ಬಿಚ್ಚಿ ನೋಡದೆ ಆನ್ ಮಾಡುವುದೇ ಇಲ್ಲ.

ಜೊತೆಗೆ, ನಿಮಗೆ ನಿಜವಾಗಿಯೂ ಬೇಕಾದ ಫೋಲ್ಡರ್‌ಗಳ ಹೆಸರು ಬರೆಯಿರಿ. "ಎಲ್ಲಾ ಬೇಕು" ಅನ್ನುವುದು ಸಹಜ. ಆದರೆ ಹೆಡ್ ಇನ್ನು ಕೆಲವೇ ಗಂಟೆ ಬಾಳುತ್ತದೆ ಅನ್ನುವಾಗ ಮೊದಲು ಯಾವುದನ್ನು ತೆಗೆಯಬೇಕು ಅಂತ ಅವರಿಗೆ ಗೊತ್ತಿರಬೇಕು.

ಡಿಸ್ಕ್ ಲಾಕ್ ಆಗಿದ್ದರೆ ಅದರ ಕೀಲಿ ಹುಡುಕಿಡಿ. ವಿಂಡೋಸ್ 11ರ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೇ ಡೇಟಾ ಲಾಕ್ ಆಗಿರುತ್ತದೆ. ಹೀಗೆ ಲಾಕ್ ಮಾಡುವ ವಿಂಡೋಸ್‌ನ ವ್ಯವಸ್ಥೆಯೇ ಬಿಟ್‌ಲಾಕರ್. ಅದರ ಕೀಲಿ, ಅಂದರೆ ರಿಕವರಿ ಕೀ, 48 ಅಂಕಿಗಳದ್ದು. ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಇದು ಇಲ್ಲದಿದ್ದರೆ ಡಿಸ್ಕನ್ನು ಪೂರ್ತಿ ಓದಿದರೂ ಸಿಗುವುದು ಬರೀ ಗೋಜಲು.

ಹಂತ 3: ಸದ್ದಿನಿಂದ ತೊಂದರೆ ಗುರುತಿಸಿ

ಕೆಟ್ಟಾಗ ಏನು ಕೇಳಿಸಿತ್ತು ಅಂತ ನೆನಪು ಮಾಡಿಕೊಳ್ಳಿ. ಕೇಳಿಸಿಕೊಳ್ಳಲಿಕ್ಕೆ ಅಂತಲೇ ಮತ್ತೆ ಆನ್ ಮಾಡಬೇಡಿ.

ಒಂದೇ ತಾಳದಲ್ಲಿ ಟಕ್, ಟಕ್, ಟಕ್ ಅಂದರೆ ಬಹುತೇಕ ಹೆಡ್ ಹಾಳಾಗಿದೆ. ಅದು ತನ್ನ ಜಾಗ ಹುಡುಕಿ ಸಿಗದೆ ವಾಪಸ್ ಬಂದು ಮತ್ತೆ ಹೋಗುವ ಸದ್ದು ಅದು. ಸಣ್ಣಗೆ ಬೀಪ್ ಅಥವಾ ಗುಂಯ್ ಅಂದು ಸುಮ್ಮನಾದರೆ ಮೋಟಾರ್ ತಿರುಗಲಾಗುತ್ತಿಲ್ಲ. ಪುಟ್ಟ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಹೆಡ್ ತಟ್ಟೆಗೆ ಅಂಟಿಕೊಂಡಾಗ ಹೀಗಾಗುತ್ತದೆ. ಕೆರೆದ ಸದ್ದು ಎಲ್ಲಕ್ಕಿಂತ ಕೆಟ್ಟದ್ದು.

ಸದ್ದೇ ಇಲ್ಲ, ತಿರುಗುವುದೂ ಇಲ್ಲ ಅಂದರೆ ಬೋರ್ಡ್ ಕಡೆ ನೋಡಬೇಕು. ಇದರಲ್ಲಿ ಒಂದು ಮಾಮೂಲಿ ಕಥೆ ಇದೆ. ಮೇಜಿನ ಮೇಲೆ ಇಡುವ ದೊಡ್ಡ ಎಕ್ಸ್‌ಟರ್ನಲ್ ಡಿಸ್ಕ್‌ಗೆ 12 ವೋಲ್ಟ್ ಅಡಾಪ್ಟರ್ ಬೇಕು. ಪಿನ್ ಕೂರುತ್ತದೆ ಅಂತ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಚುಚ್ಚುತ್ತಾರೆ. ಸುಟ್ಟ ವಾಸನೆ ಬರುತ್ತದೆ. ಆದರೆ ಇಂಥ ಹೊತ್ತಿಗೆ ಅಂತಲೇ ಬೋರ್ಡಿನಲ್ಲಿ ಟಿವಿಎಸ್ ಡಯೋಡ್ ಅನ್ನುವ ಕರಿಯ ಪುಟ್ಟ ಭಾಗ ಇಟ್ಟಿರುತ್ತಾರೆ. ಜಾಸ್ತಿ ವೋಲ್ಟೇಜ್ ಬಂದರೆ ಅದು ತಾನು ಸುಟ್ಟು ಉಳಿದದ್ದನ್ನು ಕಾಪಾಡುತ್ತದೆ. ಇಂಥ ಡಿಸ್ಕ್‌ಗಳಲ್ಲಿ ಡೇಟಾ ಪೂರ್ತಿ ಸಿಗುವ ಸಾಧ್ಯತೆ ಚೆನ್ನಾಗಿರುತ್ತದೆ.

ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. "ಅದೇ ಮಾಡೆಲ್ ಬೋರ್ಡ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಂದು ಹಾಕಿದರಾಯ್ತು" ಅನ್ನುತ್ತಾರೆ. ಹಳೇ ಕಾಲದ ಡಿಸ್ಕ್‌ಗೆ ಅದು ನಡೆಯುತ್ತಿತ್ತು. ಈಗ ಪ್ರತಿ ಡಿಸ್ಕ್‌ಗೂ ಅದರ ಹೆಡ್‌ಗೆ ಹೊಂದುವ ಅಳತೆಗಳನ್ನು ಕಾರ್ಖಾನೆಯಲ್ಲೇ ಬೋರ್ಡಿನ ರಾಮ್ (ROM) ಚಿಪ್‌ನಲ್ಲಿ ಬರೆದಿರುತ್ತಾರೆ. ಇದು ಕಂಪ್ಯೂಟರಿನ ರ‍್ಯಾಮ್ ಅಲ್ಲ, ಬರೆದದ್ದು ಅಳಿಯದ ಚಿಪ್. ಬೋರ್ಡ್ ಬದಲಿಸುವಾಗ ಹಳೆಯ ಬೋರ್ಡಿನಲ್ಲಿರುವ ಆ ಮಾಹಿತಿಯನ್ನೂ ಹೊಸದಕ್ಕೆ ಕೊಂಡೊಯ್ಯಬೇಕು. ಆದ್ದರಿಂದ ಸುಟ್ಟ ಬೋರ್ಡನ್ನು ಯಾವ ಕಾರಣಕ್ಕೂ ಎಸೆಯಬೇಡಿ.

ಇನ್ನೊಂದು ಜಾತಿ ಇದೆ. ಡಿಸ್ಕ್ ಸರಿಯಾಗಿ ತಿರುಗುತ್ತದೆ, ಸದ್ದೂ ಸರಿ ಇದೆ, ಆದರೆ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ ಅಥವಾ ಸೈಜ್ ಸೊನ್ನೆ ತೋರಿಸುತ್ತದೆ. ಇದು ಬಹುಮಟ್ಟಿಗೆ ಫರ್ಮ್‌ವೇರ್ ತೊಂದರೆ. 2008–09ರ ಹೊತ್ತಿಗೆ ಸೀಗೇಟ್ ಬಾರಾಕುಡಾ 7200.11 ಡಿಸ್ಕ್‌ಗಳಲ್ಲಿ ಇದೇ ಆಗಿ ಪ್ರಪಂಚದ ಎಲ್ಲೆಡೆ ಸುದ್ದಿಯಾಗಿತ್ತು. ಡೇಟಾ ಪೂರ್ತಿ ಒಳಗಿತ್ತು, ಡಿಸ್ಕ್ ಬಾಗಿಲು ಹಾಕಿಕೊಂಡಿತ್ತು ಅಷ್ಟೇ. ಕಂಪನಿ ಹೊಸ ಫರ್ಮ್‌ವೇರ್ ಬಿಡಬೇಕಾಯಿತು.

ಹಂತ 4: ಮನೆಯಲ್ಲೇ ಮಾಡಬಹುದಾ?

ಕೆಲವೊಮ್ಮೆ ಮಾಡಬಹುದು. ಡಿಸ್ಕ್ ಸದ್ದು ಮಾಡುತ್ತಿಲ್ಲ, ಬಿದ್ದಿಲ್ಲ, ಸರಿಯಾದ ಸೈಜ್ ತೋರಿಸುತ್ತದೆ, ಫೈಲ್ ಅಳಿಸಿ ಹೋಗಿದೆ ಅಥವಾ ತಪ್ಪಿ ಫಾರ್ಮ್ಯಾಟ್ ಆಗಿದೆ. ಇಂಥಾದ್ದಕ್ಕೆ ಟೆಸ್ಟ್‌ಡಿಸ್ಕ್, ಫೋಟೊರೆಕ್‌ನಂಥ ಉಚಿತ ಸಾಫ್ಟ್‌ವೇರ್ ಸಾಕು. ನಿಯಮ ಒಂದೇ: ಸಾಫ್ಟ್‌ವೇರನ್ನು ಅದೇ ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡಬೇಡಿ, ಸಿಕ್ಕ ಫೈಲನ್ನೂ ಅದೇ ಡಿಸ್ಕ್‌ಗೆ ಉಳಿಸಬೇಡಿ.

ಡಿಸ್ಕ್ ಬರೀ ನಿಧಾನ ಆಗಿದ್ದರೆ ಸ್ಮಾರ್ಟ್ ವರದಿ ನೋಡಿ. ಸ್ಮಾರ್ಟ್ ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ದಿನಚರಿ. ಅದರಲ್ಲಿ 5, 197, 198ನೇ ಸಾಲುಗಳ ಎಣಿಕೆ ಏರುತ್ತಿದ್ದರೆ ಓದಲಾಗದ ಜಾಗ ಹೆಚ್ಚುತ್ತಿದೆ ಅಂತ ಅರ್ಥ. 199 ಮಾತ್ರ ಏರಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಅಷ್ಟರಲ್ಲೇ ಸರಿಹೋಗಬಹುದು.

ಓದಲಾಗದ ಜಾಗ ಇರುವ ಡಿಸ್ಕ್‌ನಿಂದ ಫೋಲ್ಡರ್ ಎಳೆದು ಕಾಪಿ ಮಾಡಬೇಡಿ. ವಿಂಡೋಸ್ ಒಂದೇ ಕೆಟ್ಟ ಜಾಗಕ್ಕೆ ಮತ್ತೆ ಮತ್ತೆ ಗುದ್ದುತ್ತಾ ನಿಲ್ಲುತ್ತದೆ. ಅದರ ಬದಲು ಲಿನಕ್ಸ್‌ನ ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕ್‌ನ ಇಮೇಜ್ ತೆಗೆಯಬೇಕು. ಇಮೇಜ್ ಅಂದರೆ ಡಿಸ್ಕ್‌ನ ಪಡಿಯಚ್ಚು. ಇದು ಸುಲಭವಾಗಿ ಸಿಗುವುದನ್ನು ಮೊದಲು ತೆಗೆದುಕೊಂಡು ಕಷ್ಟದ ಜಾಗಕ್ಕೆ ಕೊನೆಯಲ್ಲಿ ಬರುತ್ತದೆ. ಎಲ್ಲಿಯವರೆಗೆ ಆಯಿತು ಅಂತ ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ, ಹಾಗಾಗಿ ಮಧ್ಯೆ ನಿಲ್ಲಿಸಿ ಮುಂದುವರಿಸಬಹುದು. ಆಜ್ಞೆ ಕೊಡುವಾಗ ಮೊದಲು ಕೆಟ್ಟ ಡಿಸ್ಕ್, ಆಮೇಲೆ ಹೊಸ ಡಿಸ್ಕ್. ಎರಡರ ಜಾಗ ಅದಲುಬದಲಾದರೆ ಖಾಲಿ ಡಿಸ್ಕ್ ನಿಮ್ಮ ಡೇಟಾದ ಮೇಲೆ ಕೂರುತ್ತದೆ. ಎಂಟರ್ ಒತ್ತುವ ಮುಂಚೆ ಸೀರಿಯಲ್ ನಂಬರ್ ಓದಿ, ಮತ್ತೊಮ್ಮೆ ಓದಿ. ಮಧ್ಯದಲ್ಲಿ ಟಕ್ ಸದ್ದು ಶುರುವಾದರೆ ಅಲ್ಲಿಗೇ ನಿಲ್ಲಿಸಿ.

ಇದೆಲ್ಲ ಹೊಸತು ಅನ್ನಿಸಿದರೆ, ಡೇಟಾ ಬೆಲೆಬಾಳುವಂಥದ್ದಾದರೆ, ಕಲಿಯಲು ಈ ಡಿಸ್ಕ್ ಬೇಡ.

ಹಂತ 5: ಲ್ಯಾಬ್ ಆರಿಸುವಾಗ ಕೇಳಬೇಕಾದ್ದು

"ಡೇಟಾ ರಿಕವರಿ" ಅಂತ ಬೋರ್ಡ್ ಹಾಕಿದ ಅಂಗಡಿಗಳಲ್ಲಿ ಎರಡು ಥರ. ಕೆಲವರು ಸಾಫ್ಟ್‌ವೇರ್ ಓಡಿಸುತ್ತಾರೆ, ಅಷ್ಟೇ. ಇನ್ನು ಕೆಲವರು ಹೆಡ್ ಬದಲಿಸುತ್ತಾರೆ, ಫರ್ಮ್‌ವೇರ್ ಸರಿಮಾಡುತ್ತಾರೆ. ಎರಡಕ್ಕೂ ಬೇಕಾದ ಕೆಲಸ ಇದೆ, ಆದರೆ ಟಕ್ ಟಕ್ ಡಿಸ್ಕನ್ನು ಮೊದಲ ಥರದವರಿಗೆ ಕೊಡಬಾರದು. ಫೋನಿನಲ್ಲೇ ಕೇಳಿ:

- ಹೆಡ್ ಬದಲಿಸುವ ಕೆಲಸ ನಿಮ್ಮಲ್ಲೇ ಆಗುತ್ತದಾ, ಬೇರೆ ಊರಿಗೆ ಕಳಿಸುತ್ತೀರಾ? ಕಳಿಸುವುದೇ ಆದರೆ ಎಲ್ಲಿಗೆ?
- ಡಿಸ್ಕ್ ಬಿಚ್ಚಲು ಕ್ಲೀನ್ ಬೆಂಚ್ ಇದೆಯಾ? ಅಂದರೆ ಶೋಧಿಸಿದ ಗಾಳಿ ಬೀಸುವ ಮೇಜು. ಕ್ಲಾಸ್ 100 ಅಂದರೆ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು 100ಕ್ಕಿಂತ ಹೆಚ್ಚಿರಬಾರದು.
- ಪಿಸಿ-3000 ಥರದ ಉಪಕರಣ ಇದೆಯಾ? ಅಂದರೆ ಡಿಸ್ಕ್‌ನ ಫರ್ಮ್‌ವೇರ್ ಮಟ್ಟಕ್ಕೇ ಇಳಿದು ಕೆಲಸ ಮಾಡುವ ರಿಕವರಿ ಉಪಕರಣ.
- ನನ್ನನ್ನು ಕೇಳದೆ ಬಿಚ್ಚುತ್ತೀರಾ?
- ಡೇಟಾ ಸಿಗದಿದ್ದರೆ ಎಷ್ಟು ಕೊಡಬೇಕು? ಬಿಡಿಭಾಗದ ಖರ್ಚು ಬೇರೆಯಾ?
- ದುಡ್ಡು ಕೊಡುವ ಮೊದಲು ಸಿಕ್ಕ ಫೈಲುಗಳ ಪಟ್ಟಿ ತೋರಿಸುತ್ತೀರಾ?

ಕೊನೆಯ ಪ್ರಶ್ನೆಗೆ ಇಲ್ಲ ಅಂದರೆ ಬೇರೆ ಕಡೆ ನೋಡಿ. ಹಾಗೆಯೇ, ಡಿಸ್ಕ್ ನೋಡುವ ಮೊದಲೇ "ನೂರಕ್ಕೆ ನೂರು ಗ್ಯಾರಂಟಿ" ಅನ್ನುವವರಿಂದ ದೂರ ಇರಿ. ಈ ಕೆಲಸ ಗೊತ್ತಿರುವವರ ಬಾಯಲ್ಲಿ ಆ ಮಾತು ಬರುವುದಿಲ್ಲ.

ವಾರಂಟಿ ಇದೆ ಅಂತ ಡಿಸ್ಕನ್ನು ಕಂಪನಿಗೆ ಕಳಿಸಿಬಿಡಬೇಡಿ. ವಾರಂಟಿ ಡಿಸ್ಕ್‌ಗೆ, ಡೇಟಾಕ್ಕಲ್ಲ. ನಿಮಗೆ ಬೇರೆ ಡಿಸ್ಕ್ ಬರುತ್ತದೆ, ಹಳೆಯದು ಮರಳಿ ಸಿಗುವುದಿಲ್ಲ.

ಹಂತ 6: ಪ್ಯಾಕ್ ಮಾಡುವುದು

ಸಾಧ್ಯವಾದರೆ ನೀವೇ ಒಯ್ಯಿರಿ. ಕೊರಿಯರ್ ಅನಿವಾರ್ಯವಾದರೆ, ಹೊಸ ಬಿಡಿಭಾಗಗಳು ಬರುವ ಬೆಳ್ಳಿ ಬಣ್ಣದ ಆ್ಯಂಟಿಸ್ಟ್ಯಾಟಿಕ್ ಕವರಿನಲ್ಲಿ ಹಾಕಿ. ಸುತ್ತ ಬಬಲ್ ಕವರ್ ಸುತ್ತಿ. ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಆರೂ ಕಡೆ ನಾಲ್ಕು ಬೆರಳು ಮೆತ್ತೆ ಇರಲಿ. ಪೆಟ್ಟಿಗೆ ಅಲ್ಲಾಡಿಸಿದರೆ ಒಳಗೆ ಏನೂ ಅಲುಗಬಾರದು. ಪೋರ್ಟಬಲ್ ಡಿಸ್ಕ್ ಆದರೆ ಡಬ್ಬಿ ಬಿಚ್ಚದೆ ಹಾಗೇ ಕಳಿಸಿ. ಕೆಲವು ಮಾಡೆಲ್‌ಗಳಲ್ಲಿ ಯುಎಸ್‌ಬಿ ಬೋರ್ಡೇ ಡೇಟಾವನ್ನು ಲಾಕ್ ಮಾಡುತ್ತದೆ. ಅದು ಜೊತೆಯಲ್ಲಿಲ್ಲದಿದ್ದರೆ ಬಿಡಿಸುವುದು ಕಷ್ಟ. ಸೀರಿಯಲ್ ನಂಬರ್ ಕಾಣುವ ಹಾಗೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಕೊಟ್ಟಿದ್ದಕ್ಕೆ ಆ ನಂಬರ್ ಇರುವ ರಸೀದಿ ಪಡೆಯಿರಿ.

ಹಂತ 7: ಲ್ಯಾಬಿನ ಒಳಗೆ ಏನು ನಡೆಯುತ್ತದೆ

ಇಷ್ಟು ದುಡ್ಡು ಯಾಕೆ, ಇಷ್ಟು ದಿನ ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲಿದೆ.

ಹೆಡ್ ಬದಲಿಸಬೇಕು ಅಂದರೆ ಮೊದಲು ದಾನಿ ಡಿಸ್ಕ್ ಹುಡುಕಬೇಕು. ಕೆಲಸ ಮಾಡುವ ಇನ್ನೊಂದು ಡಿಸ್ಕ್‌ನಿಂದ ಹೆಡ್ ತೆಗೆಯುತ್ತಾರೆ, ಆಮೇಲೆ ಆ ಡಿಸ್ಕ್ ನಿಷ್ಪ್ರಯೋಜಕ. ಮಾಡೆಲ್ ಒಂದೇ ಆದರೆ ಸಾಲದು. ಹೆಡ್‌ಗಳ ಸಂಖ್ಯೆ, ಫರ್ಮ್‌ವೇರ್, ತಯಾರಾದ ಜಾಗ, ದಿನಾಂಕ ಎಲ್ಲವೂ ಹತ್ತಿರ ಇರಬೇಕು. ಹಳೆಯ ಮಾಡೆಲ್ ಆದರೆ ದಾನಿ ಸಿಗಲಿಕ್ಕೇ ವಾರಗಟ್ಟಲೆ ಹಿಡಿಯಬಹುದು.

ಬದಲಿಸುವ ಕೆಲಸ ನೋಡುವಂಥದ್ದು. ಹೆಡ್‌ಗಳು ಜೋಡಿ ಜೋಡಿಯಾಗಿ ಒಂದಕ್ಕೊಂದು ಮುಖಮಾಡಿರುತ್ತವೆ, ನಡುವೆ ತಟ್ಟೆ. ತಟ್ಟೆಯಿಂದ ಹೊರಗೆ ಎಳೆದ ಕ್ಷಣ ಆ ಎರಡೂ ತುದಿ ಒಂದಕ್ಕೊಂದು ಬಡಿದುಕೊಂಡು ಹಾಳಾಗುತ್ತವೆ. ಹಾಗಾಗಬಾರದು ಅಂತ ಬಾಚಣಿಗೆಯ ಹಲ್ಲಿನಂಥ ತೆಳ್ಳನೆಯ ಸಾಧನವೊಂದನ್ನು ನಡುವೆ ಸರಿಸಿ, ತುದಿಗಳನ್ನು ಬಿಡಿಸಿ ಹಿಡಿದು, ಇಡೀ ತೋಳನ್ನೇ ಎತ್ತುತ್ತಾರೆ. ಉಸಿರು ಬಿಗಿಹಿಡಿದು ಮಾಡುವ ಕೆಲಸ. ಹೀಲಿಯಂ ಅನಿಲ ತುಂಬಿದ ದೊಡ್ಡ ಡಿಸ್ಕ್‌ಗಳಾದರೆ ಇನ್ನೂ ಕಷ್ಟ. ಅವುಗಳ ಮುಚ್ಚಳವನ್ನು ಬೆಸುಗೆ ಹಾಕಿ ಮುಚ್ಚಿರುತ್ತಾರೆ.

ಹೊಸ ಹೆಡ್ ಬಂದಿತು ಅಂದರೆ ಡಿಸ್ಕ್ ರಿಪೇರಿಯಾಯಿತು ಅಂತಲ್ಲ. ಅದಕ್ಕೆ ಸ್ವಲ್ಪ ಆಯಸ್ಸು ಸಿಕ್ಕಿತು ಅಂತ. ಆ ಅವಧಿಯಲ್ಲಿ ಇಮೇಜ್ ತೆಗೆಯಬೇಕು. ಒಳ್ಳೆಯ ಡಿಸ್ಕ್ ಸೆಕೆಂಡಿಗೆ 100 ಎಂಬಿ ಓದಿದರೆ 1 ಟಿಬಿಗೆ ಮೂರು ಗಂಟೆಯೊಳಗೆ ಮುಗಿಯುತ್ತದೆ. ಕಾಯಿಲೆ ಡಿಸ್ಕ್‌ಗೆ ದಿನಗಟ್ಟಲೆ. ಪಿಸಿ-3000 ಥರದ ಉಪಕರಣ ಪ್ರತಿ ಹೆಡ್ ಅನ್ನೂ ಬೇರೆ ಬೇರೆಯಾಗಿ ನಡೆಸಬಲ್ಲದು. ನಾಲ್ಕರಲ್ಲಿ ಒಂದು ಹೆಡ್ ಸೋತಿದ್ದರೆ ಮೊದಲು ಗಟ್ಟಿ ಇರುವ ಮೂರರಿಂದ ಓದಿಸಿ, ಸೋತದ್ದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಮಾಮೂಲಿ ಸಾಫ್ಟ್‌ವೇರ್‌ಗೆ ಇದು ಆಗದು.

ತಟ್ಟೆ ಚೆನ್ನಾಗಿದ್ದರೆ ಏನೆಲ್ಲ ಸಾಧ್ಯ ಅನ್ನುವುದಕ್ಕೆ ಒಂದೇ ಉದಾಹರಣೆ. 2003ರಲ್ಲಿ ಕೊಲಂಬಿಯಾ ಗಗನನೌಕೆ ಆಕಾಶದಲ್ಲೇ ಒಡೆದು, ಕಲ್ಪನಾ ಚಾವ್ಲಾ ಸೇರಿ ಏಳು ಜನ ತೀರಿಕೊಂಡರು. ಅವಶೇಷಗಳಲ್ಲಿ ಕರಟಿಹೋದ ಒಂದು ಸೀಗೇಟ್ ಡಿಸ್ಕ್ ಸಿಕ್ಕಿತು. ಕ್ರೋಲ್ ಆನ್‌ಟ್ರ್ಯಾಕ್ ಅನ್ನುವ ರಿಕವರಿ ಸಂಸ್ಥೆ ಅದರಿಂದ ಸುಮಾರು 99 ಶೇಕಡ ಡೇಟಾ ತೆಗೆಯಿತು. ಅದರಲ್ಲಿದ್ದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಹೊರಗೆಲ್ಲ ಸುಟ್ಟಿದ್ದರೂ ತಟ್ಟೆಯ ಮೇಲೆ ಡೇಟಾ ಇದ್ದ ಜಾಗ ಉಳಿದಿತ್ತು.

ಹಂತ 8: ಖರ್ಚು ಹೇಳಿದಾಗ

ಫೈಲ್ ಅಳಿಸಿದಂಥ ತೊಂದರೆಗೆ ಕೆಲವು ಸಾವಿರ. ಹೆಡ್ ಬದಲಿಸುವ ಕೆಲಸಕ್ಕೆ ಹತ್ತಾರು ಸಾವಿರವೂ ಆಗಬಹುದು. ಖರ್ಚು ಎಷ್ಟು ಅನ್ನುವುದನ್ನು ಬರಹದಲ್ಲಿ ಪಡೆಯಿರಿ. ಬೇಡ ಅನ್ನಿಸಿದರೆ ಬಿಚ್ಚದ ಡಿಸ್ಕನ್ನು ವಾಪಸ್ ತಂದು ಬೀರುವಿನಲ್ಲಿಡಿ. ದುಡ್ಡು ಕೂಡಿಸಿಕೊಂಡು ಆರು ತಿಂಗಳ ನಂತರ ಕೊಡಬಹುದು. ಆಫ್ ಆಗಿ ಒಣ ಜಾಗದಲ್ಲಿರುವ ಡಿಸ್ಕ್ ಕಾಯುತ್ತದೆ. ಕಡಿಮೆಗೆ ಆಗುತ್ತದೆ ಅಂತ ಮೂರು ಅಂಗಡಿ ಸುತ್ತಿಸುವುದು ಮಾತ್ರ ಬೇಡ. ಹೆಡ್ ಬದಲಿಸುವ ಕೆಲಸದಲ್ಲಿ ಮೊದಲ ಪ್ರಯತ್ನಕ್ಕೆ ಇರುವ ಅವಕಾಶ ಎರಡನೆಯದಕ್ಕೆ ಇರುವುದಿಲ್ಲ.

ಹಂತ 9: ಡೇಟಾ ಕೈಗೆ ಬಂದಾಗ

ಫೈಲುಗಳ ಪಟ್ಟಿ ನೋಡಿ ಖುಷಿಪಟ್ಟರೆ ಸಾಲದು, ತೆರೆದು ನೋಡಿ. ಪಟ್ಟಿಯಲ್ಲಿ ಹೆಸರು ಇದ್ದೂ ಒಳಗೆ ಖಾಲಿ ಇರಬಹುದು. ಪ್ರತಿ ಫೋಲ್ಡರ್‌ನಿಂದ ಮೊದಲಿನದು, ನಡುವಿನದು, ಕೊನೆಯದು ತೆರೆಯಿರಿ. ಫೋಟೊ ಮೇಲರ್ಧ ಸರಿ ಇದ್ದು ಕೆಳಗೆ ಬೂದು ಬಣ್ಣ ಬಂದರೆ ಆ ಫೈಲಿನ ಒಂದು ಭಾಗ ಸಿಕ್ಕಿಲ್ಲ ಅಂತ ಅರ್ಥ. ವಿಡಿಯೊ ಪೂರ್ತಿ ಓಡಿಸಿ ನೋಡಿ. ಹೆಸರೆಲ್ಲ ಹೋಗಿ ಬರೀ ನಂಬರ್ ಬಂದಿದ್ದರೆ ಫೈಲುಗಳ ಪಟ್ಟಿ ನಾಶವಾಗಿತ್ತು, ಫೈಲುಗಳನ್ನು ಅವುಗಳ ಗುರುತಿನಿಂದಲೇ ಹೆಕ್ಕಿದ್ದಾರೆ ಅಂತ. ಅದು ಲ್ಯಾಬಿನ ತಪ್ಪಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಎಚ್ಚರಿಕೆ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಅಕ್ಷರ ಪದ್ಧತಿ ಬಳಕೆಗೆ ಬರುವ ಮುಂಚೆ 'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಲ್ಲಿ ಮಾಡಿದ ಫೈಲುಗಳನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಪುಟ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂದಲ ಕಾಣುತ್ತದೆ. "ಫೈಲ್ ಕರಪ್ಟ್ ಆಗಿದೆ" ಅಂತ ಎದೆ ಒಡೆದುಕೊಂಡು ಅಳಿಸಿಬಿಡುವವರಿದ್ದಾರೆ. ಆ ಫೈಲ್ ಸರಿಯಾಗೇ ಇರುತ್ತದೆ. ನುಡಿ ಫಾಂಟ್ ಹಾಕಿ ತೆರೆಯಿರಿ, ಆಮೇಲೆ ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಎಲ್ಲ ನೋಡಿ ಮುಗಿಯುವ ತನಕ ಲ್ಯಾಬಿನವರು ತಮ್ಮ ಹತ್ತಿರದ ಪ್ರತಿಯನ್ನು ಇಟ್ಟುಕೊಂಡಿರಲಿ. ಮುಗಿದ ಮೇಲೆ ಅಳಿಸಲು ಹೇಳಿ. ಹಳೆಯ ಡಿಸ್ಕನ್ನು ಕೇಳಿ ವಾಪಸ್ ಪಡೆಯಿರಿ, ಆದರೆ ಗುಜರಿಗೆ ಹಾಕಬೇಡಿ. ಹೆಡ್ ಸತ್ತಿದ್ದರೂ ತಟ್ಟೆಯ ಮೇಲೆ ನಿಮ್ಮ ಆಧಾರ್ ಪ್ರತಿ, ಬ್ಯಾಂಕಿನ ಕಾಗದ, ಮನೆಯವರ ಫೋಟೊ ಎಲ್ಲ ಹಾಗೇ ಇರುತ್ತದೆ. ಬೇಡವೇ ಬೇಡ ಅನ್ನಿಸಿದ ದಿನ ತಟ್ಟೆಗೆ ಮೂರ್ನಾಲ್ಕು ಕಡೆ ಡ್ರಿಲ್ ಹೊಡೆಸಿ. ಪೋರ್ಟಬಲ್ ಡಿಸ್ಕ್‌ನ ತಟ್ಟೆ ಸಾಮಾನ್ಯವಾಗಿ ಗಾಜಿನದು, ಚೂರುಚೂರಾಗಿ ಸಿಡಿಯುತ್ತದೆ. ಮುಚ್ಚಳ ತೆಗೆಯದೆ, ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಮಾಡಿ.